ಯೊಕೊಹಾಮಾ: ಜಯಂಟ್ ವೀಲ್ ಆಮೇಲೆ, ಮೊದಲು ಆನೆಯ ಸೊಂಡಿಲು

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 68. ನವೆಂಬರ್ ಕೊನೆಯ ವಾರ ಪತ್ನಿಯೊಂದಿಗೆ ಟೋಕಿಯೋದಲ್ಲಿರುವ ಮಗನ ಮನೆಗೆ ಹೊರಟಿದ್ದೇನೆ. ಎರಡು ದಿನ ಯೊಕೊಹಾಮಾ ನೋಡುವ ಆಸೆ. ಸ್ವಾಮಿ ವಿವೇಕಾನಂದರು ಅಮೆರಿಕದ ಹಡಗು ಹತ್ತಿದ್ದು ಅಲ್ಲಿಂದಲೇ ಎಂದು ಓದಿದ್ದೇನೆ. ಆ ಜಾಗ ಈಗಲೂ ಇದೆಯೇ? ಪತ್ನಿ ಶಿಡ್ಲಘಟ್ಟದ ರೇಷ್ಮೆ ಮನೆತನದವಳು, ಶುದ್ಧ ಸಸ್ಯಾಹಾರಿ, ಮಂಡಿನೋವು ಬೇರೆ. ಆರು ವರ್ಷದ ಮೊಮ್ಮಗನೂ ಜೊತೆಗಿರುತ್ತಾನೆ. ಮಗ ಮಾತ್ರ, 'ಯೊಕೊಹಾಮಾದಲ್ಲಿ ಮಾಲು, ಜಯಂಟ್ ವೀಲು ಬಿಟ್ಟರೆ ಏನಿದೆ, ಅದರ ಬದಲು ಕಾಮಾಕುರಾಕ್ಕೆ ಹೋಗಿ ದೊಡ್ಡ ಬುದ್ಧನನ್ನು ನೋಡಿ' ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಮಗನ ಮಾತು ಪೂರ್ತಿ ಸುಳ್ಳಲ್ಲ. ಕ್ಯೋಟೋದಲ್ಲಿರುವಂಥ ಸಾವಿರ ವರ್ಷದ ದೇವಾಲಯಗಳನ್ನು ಹುಡುಕಿಕೊಂಡು ಯೊಕೊಹಾಮಾಕ್ಕೆ ಬಂದವರು ನಿರಾಶರಾಗಿಯೇ ಮರಳುತ್ತಾರೆ. 1859ರಲ್ಲಿ ವಿದೇಶಿ ಹಡಗುಗಳಿಗೆ ಬಂದರು ತೆರೆಯುವ ತನಕ ಇದು ನೂರರಷ್ಟು ಮನೆಗಳಿದ್ದ ಮೀನುಗಾರರ ಹಳ್ಳಿ. ಇಂದು ಜನಸಂಖ್ಯೆಯಲ್ಲಿ ಟೋಕಿಯೋದ ನಂತರದ ಸ್ಥಾನ ಇದರದು. ನಡುವಿನ ನೂರೈವತ್ತು ಚಿಲ್ಲರೆ ವರ್ಷಗಳಲ್ಲಿ ಊರು ಎರಡು ಸಲ ನೆಲಸಮವಾಗಿದೆ: 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಒಮ್ಮೆ, 1945ರ ಮೇ 29ರ ಬಾಂಬ್ ದಾಳಿಯಲ್ಲಿ ಇನ್ನೊಮ್ಮೆ. ಹಾಗಾಗಿ ಇಲ್ಲಿ ಹಳೆಯದೆಂದು ತೋರಿಸುವ ವಸ್ತುಗಳು ಕಡಿಮೆ. ಆದರೆ ವಿವೇಕಾನಂದರನ್ನೂ ರೇಷ್ಮೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರುವ ಕನ್ನಡದ ಮೇಷ್ಟರಿಗೆ ಇದಕ್ಕಿಂತ ಹತ್ತಿರದ ಊರು ಜಪಾನಿನಲ್ಲಿ ಇನ್ನೊಂದಿಲ್ಲ. ನಾನು ಹನ್ನೊಂದು ವರ್ಷ ಅಲ್ಲಿದ್ದೆ. ಊರಿನಿಂದ ಬಂದ ನೆಂಟರನ್ನು ಸುತ್ತಾಡಿಸಿದ ಅನುಭವದ ಮೇಲೆ ಹೇಳುತ್ತಿದ್ದೇನೆ: ಜಯಂಟ್ ವೀಲ್‌ನಿಂದ ಶುರು ಮಾಡಬೇಡಿ. ನೀರಿನ ಅಂಚಿನಿಂದ ಶುರು ಮಾಡಿ.

ಮೊದಲು ದಾರಿಯ ಮಾತು, ಯಾಕೆಂದರೆ ತಪ್ಪುವುದು ಇಲ್ಲಿಯೇ. ಬುಲೆಟ್ ರೈಲು ನಿಲ್ಲುವುದು ಶಿನ್-ಯೊಕೊಹಾಮಾದಲ್ಲಿ. ಅದು ಬಂದರಿನಿಂದ ಬಹು ದೂರದ ಒಳನಾಡಿನ ನಿಲ್ದಾಣ. 'ಯೊಕೊಹಾಮಾ' ಎಂಬ ಹೆಸರಿನ ನಿಲ್ದಾಣವೂ ನೀವು ನೋಡಬೇಕಾದ ಜಾಗದಲ್ಲಿಲ್ಲ. ಮೊದಲ ಸಲ ಬಂದಾಗ ನಾನು ಅಲ್ಲಿಳಿದು, ಸಮುದ್ರ ಎಲ್ಲಿ ಎಂದು ನೆಲದಡಿಯ ಅಂಗಡಿಸಾಲಿನಲ್ಲಿ ಮುಕ್ಕಾಲು ಗಂಟೆ ಅಲೆದಿದ್ದೆ. ನೀವು ಟೋಕಿಯೋದ ಶಿಬುಯಾದಲ್ಲಿ ತೊಯೊಕೊ ಮಾರ್ಗದ ರೈಲು ಹಿಡಿಯಿರಿ. ಅದು ಯೊಕೊಹಾಮಾ ದಾಟಿದ ಮೇಲೆ ಮಿನಾತೊ ಮಿರೈ ಮಾರ್ಗವಾಗಿ ನೆಲದಡಿಯಲ್ಲಿ ಮುಂದುವರಿಯುತ್ತದೆ. 'ಮೊತೊಮಾಚಿ-ಚುಕಗೈಗೆ ಹೋಗುವ ರೈಲು' ಎಂದು ನೋಡಿ ಹತ್ತಿದರೆ ಎಲ್ಲಿಯೂ ಬದಲಿಸಬೇಕಾಗಿಲ್ಲ. ಮೊದಲ ದಿನ ಇಳಿಯಬೇಕಾದ ನಿಲ್ದಾಣ ನಿಹೊನ್ ಓದೋರಿ. ನೆಲದಡಿಯ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. ಆದರೆ ಎಲ್ಲ ದ್ವಾರಗಳಲ್ಲೂ ಇಲ್ಲ. ಮೇಲೆ ಬರುವ ಮುನ್ನ ಫಲಕ ನೋಡಿಕೊಳ್ಳಿ, ಮಂಡಿ ನಿಮ್ಮನ್ನು ಹರಸುತ್ತದೆ.

ಮೇಲೆ ಬಂದರೆ ಮೂವತ್ತಾರು ಮೀಟರ್ ಅಗಲದ ರಸ್ತೆ, ಎರಡೂ ಬದಿ ಗಿಂಕೊ ಮರಗಳು. ನೀವು ಬರುವ ಹೊತ್ತಿಗೆ ಎಲೆಗಳೆಲ್ಲ ಅರಿಸಿನ ಬಳಿದಂತಾಗಿ, ಅರ್ಧ ನೆಲದ ಮೇಲಿರುತ್ತವೆ. 1866ರಲ್ಲಿ ಹಂದಿಮಾಂಸದ ಅಂಗಡಿಯೊಂದರ ಕಡೆಯಿಂದ ಹೊತ್ತಿಕೊಂಡ ಬೆಂಕಿ ವಿದೇಶಿಯರ ಬಡಾವಣೆಯನ್ನು ಸುಟ್ಟಿತು. ಇನ್ನೊಮ್ಮೆ ಬೆಂಕಿ ಜಪಾನೀಯರ ಕಡೆಯಿಂದ ವಿದೇಶಿಯರ ಕಡೆಗೆ ಹಾರಬಾರದೆಂದು ಸ್ಕಾಟ್ಲೆಂಡಿನ ಎಂಜಿನಿಯರ್ ರಿಚರ್ಡ್ ಬ್ರಂಟನ್ ಈ ಅಗಲದ ರಸ್ತೆಯನ್ನು ನಡುವೆ ಹಾಸಿದ. ಸಮುದ್ರದ ದಿಕ್ಕಿಗೆ ಐದು ನಿಮಿಷ ನಡೆದರೆ ಯೊಕೊಹಾಮಾ ಇತಿಹಾಸ ದಾಖಲೆಗಳ ಸಂಗ್ರಹಾಲಯ. ಇದರ ಹಳೆಯ ಕಟ್ಟಡ 1931ರಲ್ಲಿ ಬ್ರಿಟಿಷ್ ಕಾನ್ಸುಲ್ ಕಚೇರಿಯಾಗಿ ಕಟ್ಟಿದ್ದು. ಒಳಗಿನ ನಕ್ಷೆ, ಚಿತ್ರಗಳನ್ನು ಆಸಕ್ತಿಯಿದ್ದಷ್ಟು ನೋಡಿ. ನಾನು ತೋರಿಸಬೇಕೆಂದಿರುವುದು ಅಂಗಳದ ಮರ, ಹೆಸರು ತಮಾಕುಸು. 1854ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ತನ್ನ 'ಕಪ್ಪು ಹಡಗು'ಗಳೊಂದಿಗೆ ಬಂದು ಜಪಾನಿನೊಡನೆ ಒಪ್ಪಂದ ಮಾಡಿಕೊಂಡದ್ದು ಈ ಆಸುಪಾಸಿನಲ್ಲೇ. ಅವನೊಂದಿಗೆ ಬಂದ ಕಲಾವಿದ ಬರೆದ ಚಿತ್ರದಲ್ಲಿ ಒಂದು ದೊಡ್ಡ ಮರವಿದೆ. ಅದೇ ಮರ ಇದು ಎಂದು ಊರವರ ನಂಬಿಕೆ. ಭೂಕಂಪದ ಬೆಂಕಿಯಲ್ಲಿ ಸುಟ್ಟ ಬುಡದಿಂದ ಮತ್ತೆ ಚಿಗುರಿದ್ದರಿಂದ ಒಂದೇ ಕಾಂಡವಿಲ್ಲ. ನಾಲ್ಕಾರು ಕವಲುಗಳು ಬುಡದಲ್ಲೇ ಸಿಡಿದು ಮೇಲೇರಿವೆ. ಹೊಲದ ಬದುವಿನಲ್ಲಿ ಕಡಿದ ಹೊಂಗೆ ಮತ್ತೆ ಎದ್ದ ಹಾಗೆ.

ರಸ್ತೆ ದಾಟಿದರೆ ಸಿಲ್ಕ್ ಸೆಂಟರ್. ಅದರೊಳಗಿನ ರೇಷ್ಮೆ ವಸ್ತುಸಂಗ್ರಹಾಲಯ ನಿಮ್ಮ ಪತ್ನಿಗಾಗಿಯೇ ಇದೆ ಎಂದುಕೊಳ್ಳಿ. ಬಂದರು ತೆರೆದ ನೂರನೆಯ ವರ್ಷ, 1959ರಲ್ಲಿ, ಇದನ್ನು ಕಟ್ಟಿದರು. ಪ್ರವಾಸಿಗರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಅದು ಅವರ ತಪ್ಪೆಂದೇ ನನ್ನ ಅಭಿಪ್ರಾಯ. ಯೊಕೊಹಾಮಾವನ್ನು ಹಳ್ಳಿಯಿಂದ ನಗರ ಮಾಡಿದ್ದು ಹಡಗಲ್ಲ, ಕಚ್ಚಾ ರೇಷ್ಮೆ. ಮಲೆನಾಡಿನಂಥ ಒಳನಾಡುಗಳಲ್ಲಿ ಸಾಕಿ, ಬಿಚ್ಚಿದ ನೂಲು ಹಾಚಿಯೋಜಿ ಎಂಬ ಪಟ್ಟಣದಲ್ಲಿ ಒಟ್ಟಾಗಿ ಕುದುರೆ, ಗಾಡಿಗಳ ಮೇಲೆ ಈ ಬಂದರಿಗೆ ಬರುತ್ತಿತ್ತು. ಆ ದಾರಿಗೆ 'ರೇಷ್ಮೆ ದಾರಿ' ಎಂದೇ ಹೆಸರು. 1908ರಲ್ಲಿ ಅದಕ್ಕೆ ರೈಲು ಹಾಕಿದರು. ಇಂದಿನ ಯೊಕೊಹಾಮಾ ಮಾರ್ಗ ಅದು. ಈ ರೈಲಿನ ಬಗ್ಗೆ ಇನ್ನೊಂದು ಮಾತು: ಅದೇ ಮಾರ್ಗದ ತೊಕೈಚಿಬಾ ನಿಲ್ದಾಣದ ಬಳಿಯ ಕಿರಿಗಾವೊಕಾದಲ್ಲಿ ಇವತ್ತು ಭಾರತೀಯ ಶಾಲೆ ಇದೆ. ಬೆಳಗ್ಗೆ ಅಲ್ಲಿನ ರಸ್ತೆಯಲ್ಲಿ ನಿಂತರೆ ಬೆನ್ನಿಗೆ ಚೀಲ ಹಾಕಿಕೊಂಡ ಮಕ್ಕಳನ್ನು ತೆಲುಗು, ತಮಿಳು, ಹಿಂದಿ, ಕೆಲವೊಮ್ಮೆ ಕನ್ನಡದಲ್ಲೂ ಗದರಿಸುವ ತಾಯಂದಿರ ದನಿ ಕೇಳುತ್ತದೆ.

ಸಂಗ್ರಹಾಲಯದಲ್ಲಿ ಹುಳು, ಗೂಡು, ನೂಲು ಬಿಚ್ಚುವ ಯಂತ್ರ, ಮಗ್ಗ, ಕಿಮೋನೊ ಎಲ್ಲವೂ ಇವೆ. ಜೀವಂತ ಹುಳುಗಳನ್ನೂ ಸಾಕಿ ತೋರಿಸುತ್ತಾರೆ. ಶಿಡ್ಲಘಟ್ಟದವರಿಗೆ ಇದರಲ್ಲಿ ಹೊಸದೇನು ಎಂದೀರಿ. ನನ್ನ ಅತ್ತೆಯವರನ್ನು ಕರೆದುಕೊಂಡು ಹೋದಾಗ ಅವರು ಗಾಜಿನ ಪೆಟ್ಟಿಗೆಯ ಮುಂದೆ ಬಾಗಿ, ಒಂದೇ ಗಾತ್ರದ ಬೆಳ್ಳನೆಯ ಗೂಡುಗಳನ್ನು ನೋಡಿ, 'ಇದು ನಮ್ಮ ಸಿಎಸ್‌ಆರ್ ಗೂಡಿನ ಹಾಗೇ ಇದೆಯಲ್ಲ' ಎಂದರು. ಇರಲೇಬೇಕು. ನಮ್ಮಲ್ಲಿ ಮೈಸೂರು ತಳಿಯ ಹಳದಿ-ಹಸಿರು ಗೂಡಿಗೆ ಪರ್ಯಾಯವಾಗಿ ಸಿಎಸ್‌ಆರ್ ಎಂಬ ಬಿಳಿ ದ್ವಿತಳಿ ಗೂಡು ರೈತರ ಮನೆಗೆ ಬಂದದ್ದರ ಹಿಂದೆ, 1990ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯೊಂದಿಗೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ನಡೆಸಿದ ಯೋಜನೆಯ ಕೈ ಇದೆ. ಅದಕ್ಕೂ ನೂರು ವರ್ಷ ಹಿಂದೆ ಜಮಶೇಟ್‌ಜಿ ಟಾಟಾ ಜಪಾನೀ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದ್ದರು. ಬಸವನಗುಡಿ ಪಕ್ಕದ 'ಟಾಟಾ ಸಿಲ್ಕ್ ಫಾರ್ಮ್' ಬಸ್ ನಿಲ್ದಾಣದಲ್ಲಿ ನೀವೂ ಇಳಿದಿರಬಹುದು. ಅಲ್ಲಿ ಈಗ ಹಿಪ್ಪುನೇರಳೆ ಗಿಡ ಒಂದೂ ಇಲ್ಲ, ಹೆಸರಷ್ಟೇ ಇದೆ.

ಟಾಟಾ ಎಂದಮೇಲೆ ನಿಮ್ಮ ವಿವೇಕಾನಂದರ ಪ್ರಶ್ನೆಗೆ ಬರೋಣ. ಸ್ವಾಮೀಜಿ 1893ರ ಮೇ 31ರಂದು ಮುಂಬಯಿ ಬಿಟ್ಟವರು ನಾಗಾಸಾಕಿ, ಕೋಬೆ ಮುಟ್ಟಿ, ಅಲ್ಲಿಂದ ಒಳನಾಡಿನಲ್ಲಿ ಒಸಾಕಾ, ಕ್ಯೋಟೊ, ಟೋಕಿಯೋ ನೋಡಿಕೊಂಡು ಯೊಕೊಹಾಮಾಕ್ಕೆ ಬಂದರು. ಇಲ್ಲಿನ ಓರಿಯಂಟಲ್ ಹೋಟೆಲಿನಿಂದ ಜುಲೈ 10ರಂದು ಮದರಾಸಿನ ಶಿಷ್ಯರಿಗೆ ಬರೆದ ದೀರ್ಘ ಪತ್ರವನ್ನು ನೀವು ಓದಿರುತ್ತೀರಿ. ಜಪಾನೀಯರ ಶುಚಿತ್ವವನ್ನು ಹೊಗಳಿ, ನಮ್ಮ ತರುಣರು ಪ್ರತಿವರ್ಷ ಜಪಾನು, ಚೀನಾಗಳನ್ನು ನೋಡಿ ಬರಬೇಕೆಂದು ಹೇಳಿ, ಆಮೇಲೆ ನಮ್ಮವರನ್ನು ತರಾಟೆಗೆ ತೆಗೆದುಕೊಂಡ ಪತ್ರ. ಆ ಶಿಷ್ಯರ ಮುಂದಾಳು ಅಳಸಿಂಗ ಪೆರುಮಾಳ್ ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ, ಮಂಡಯಂ ಮನೆತನದಲ್ಲಿ. ನಾಲ್ಕು ದಿನದ ನಂತರ, ಜುಲೈ 14ರಂದು, 'ಎಂಪ್ರೆಸ್ ಆಫ್ ಇಂಡಿಯಾ' ಹಡಗು ವ್ಯಾಂಕೂವರಿಗೆ ಹೊರಟಿತು. ಅದೇ ಹಡಗಿನಲ್ಲಿ ಟಾಟಾ ಇದ್ದರು. 1898ರಲ್ಲಿ ವಿಜ್ಞಾನ ಸಂಸ್ಥೆಯ ವಿಚಾರ ಎತ್ತಿ ಸ್ವಾಮೀಜಿಗೆ ಬರೆದ ಪತ್ರದಲ್ಲಿ ಅವರು ನೆನಪಿಸಿದ್ದು ಈ ಸಹಪ್ರಯಾಣವನ್ನೇ. ಆ ಸಂಸ್ಥೆ 1909ರಲ್ಲಿ ಬೆಂಗಳೂರಿನಲ್ಲಿ, ಮೈಸೂರು ಸರ್ಕಾರ ಕೊಟ್ಟ 371 ಎಕರೆಯಲ್ಲಿ ನೆಲೆ ಕಂಡಿತು. ನಾವೆಲ್ಲ ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವುದು ಅದನ್ನೇ.

ಈಗ ಜಾಗ. ಆ ಹೋಟೆಲು ಇಲ್ಲ. ಭೂಕಂಪ ಆ ಕಾಲದ ಬಡಾವಣೆಯನ್ನೇ ಅಳಿಸಿಹಾಕಿತು. ಫಲಕ, ಪ್ರತಿಮೆ ಹುಡುಕಿ ಸುಸ್ತಾಗಬೇಡಿ. ಹಲವರು ಒಸಾನ್‌ಬಾಶಿ ಎಂಬ ದೊಡ್ಡ ಹಡಗುಕಟ್ಟೆಯ ಮೇಲೆ ನಿಂತು 'ಇಲ್ಲೇ ಸ್ವಾಮೀಜಿ ಹಡಗು ಹತ್ತಿದ್ದು' ಎಂದು ಚಿತ್ರ ತೆಗೆಸಿಕೊಳ್ಳುತ್ತಾರೆ. ಲೆಕ್ಕ ಕೂಡುವುದಿಲ್ಲ. ಒಸಾನ್‌ಬಾಶಿಯ ಮೊದಲ ಕಬ್ಬಿಣದ ಕಟ್ಟೆ ಪೂರ್ತಿಯಾದದ್ದು 1894ರಲ್ಲಿ. ಅದಕ್ಕೆ ಮುಂಚೆ ದೊಡ್ಡ ಹಡಗುಗಳು ದಡಕ್ಕೆ ಬರಲಾಗದೆ ನಡುನೀರಿನಲ್ಲಿ ಲಂಗರು ಹಾಕುತ್ತಿದ್ದವು. ಜನರೂ ಪೆಟ್ಟಿಗೆಗಳೂ ಕಲ್ಲಿನ ಸಣ್ಣ ಧಕ್ಕೆಗಳಿಂದ ದೋಣಿಯಲ್ಲಿ ಹೋಗಿ ಹಡಗು ಸೇರಬೇಕಿತ್ತು. ಅಂಥ ಧಕ್ಕೆಗಳಲ್ಲಿ ಒಂದರ ಆಕಾರ ಇವತ್ತೂ ಕಾಣಸಿಗುತ್ತದೆ. ಸಿಲ್ಕ್ ಸೆಂಟರಿನಿಂದ ಮೂರು ನಿಮಿಷದ ದಾರಿ. ಅದರ ಹೆಸರು 'ಜೋ ನೊ ಹನಾ', ಅಂದರೆ ಆನೆಯ ಸೊಂಡಿಲು. ಅಲೆ ತಡೆಯಲು ಕಟ್ಟೆಯನ್ನು 1867ರಲ್ಲಿ ಬಾಗಿಸಿ ಕಟ್ಟಿದರು. ಮೇಲಿನಿಂದ ಅದು ಸೊಂಡಿಲಿನಂತೆ ಕಂಡದ್ದರಿಂದ ಊರವರು ಇಟ್ಟ ಹೆಸರು. ಬಂದರಿನ ನೂರೈವತ್ತನೆಯ ವರ್ಷ, 2009ರಲ್ಲಿ, ಅದನ್ನು ಮೇಯ್ಜಿ ಕಾಲದ, ಅಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ, ಆಕಾರಕ್ಕೆ ಮರಳಿಸಿ ಸುತ್ತ ಉದ್ಯಾನ ಮಾಡಿದರು. ಸ್ವಾಮೀಜಿಯ ದೋಣಿ ಹೊರಟದ್ದು ಇದೇ ಕಲ್ಲಿನಿಂದ ಎಂದು ನಾನು ಹೇಳಲಾರೆ. ಆದರೆ ಅವರು ಕಂಡ ನೀರಿನ ಅಂಚು ಇದು. ಕಾವಿ ತೊಟ್ಟ ಮೂವತ್ತರ ಸಂನ್ಯಾಸಿ, ಐವತ್ತು ದಾಟಿದ ಪಾರಸಿ ಉದ್ಯಮಿ, ಇಬ್ಬರೂ ಇಂಥ ಅಲುಗಾಡುವ ದೋಣಿಯಲ್ಲಿ ಕುಳಿತು ಹಡಗಿನತ್ತ ಸಾಗಿದ ಜುಲೈ ತಿಂಗಳು. ಅಷ್ಟು ಕಲ್ಪಿಸಿಕೊಳ್ಳಲು ಫಲಕ ಬೇಕಿಲ್ಲ.

ಮೊಮ್ಮಗನಿಗೆ ಈ ಉದ್ಯಾನದ ಕೆಫೆಯಲ್ಲಿ ಬಿಸ್ಕತ್ತಿನ ಕಿವಿ ಅಂಟಿಸಿದ ಆನೆಮುಖದ ಐಸ್‌ಕ್ರೀಂ ಸಿಗುತ್ತದೆ. ಮೈಸೂರು ಸೀಮೆಯ ಕಾಡಿನಿಂದ ಬಂದ ಇಂದಿರಾ ಎಂಬ ಆನೆಯ ಕಥೆಯನ್ನು ಆಗ ಅವನಿಗೆ ಹೇಳಿ. 1949ರಲ್ಲಿ ಟೋಕಿಯೋದ ಮಕ್ಕಳಿಗೆಂದು ನೆಹರೂ ಅದನ್ನು ಅಲ್ಲಿನ ಉಯೆನೊ ಮೃಗಾಲಯಕ್ಕೆ ಕಳುಹಿಸಿಕೊಟ್ಟಿದ್ದರು. ಅದಕ್ಕೆ ಕನ್ನಡ ಬಿಟ್ಟು ಬೇರೆ ಮಾತು ತಿಳಿಯದೆ, ಜಪಾನೀ ಮಾವುತರೇ ನಾಲ್ಕು ಕನ್ನಡ ಪದ ಕಲಿಯಬೇಕಾಯಿತಂತೆ.

ಅಲ್ಲಿಂದ ಒಸಾನ್‌ಬಾಶಿಗೆ ಸಂಜೆ ನಾಲ್ಕರೊಳಗೆ ಹೋಗಿ ಸೇರಿ. ನವೆಂಬರ್ ಕೊನೆಗೆ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನ ಅಭ್ಯಾಸದಲ್ಲಿ ಆರಕ್ಕೆ ಹೋದರೆ ಕತ್ತಲಷ್ಟೇ ಸಿಗುತ್ತದೆ. ಈಗಿನ ಕಟ್ಟಡ 2002ರದು. ನಾನು ನೋಡಿದ ಹೊಸ ಕಟ್ಟಡಗಳಲ್ಲಿ ಮಂಡಿನೋವಿನವರ ಬಗ್ಗೆ ಇಷ್ಟು ದಯೆ ಇರುವುದು ಇನ್ನೊಂದಿಲ್ಲ. ಛಾವಣಿಗೆ ಮೆಟ್ಟಿಲಿನಲ್ಲಿ ಹತ್ತುವುದಲ್ಲ, ಮರದ ಹಲಗೆ ಹಾಸಿದ ನೆಲವೇ ಅಲೆಯಂತೆ ಏರಿ ಇಳಿದು ನಿಮ್ಮನ್ನು ಮೇಲಕ್ಕೊಯ್ಯುತ್ತದೆ. ಅಲ್ಲಲ್ಲಿ ಹುಲ್ಲು. ಊರವರು ಇದಕ್ಕೆ ತಿಮಿಂಗಿಲದ ಬೆನ್ನು ಎನ್ನುತ್ತಾರೆ. ಪ್ರವೇಶಕ್ಕೆ ದುಡ್ಡಿಲ್ಲ, ಬಾಗಿಲೂ ಇಲ್ಲ, ರಾತ್ರಿಯಿಡೀ ತೆರೆದಿರುತ್ತದೆ. ತುದಿಗೆ ಹೋಗಿ ತಿರುಗಿ ನಿಲ್ಲಿ. ಬಲಕ್ಕೆ 296 ಮೀಟರಿನ ಲ್ಯಾಂಡ್‌ಮಾರ್ಕ್ ಟವರಿನಿಂದ ಶುರುವಾಗಿ ಒಂದಕ್ಕಿಂತ ಒಂದು ಗಿಡ್ಡವಾಗುತ್ತ, ಹಡಗಿನ ಹಾಯಿಯಂಥ ಹೋಟೆಲಿನಲ್ಲಿ ನೀರಿಗಿಳಿಯುವ ಕಟ್ಟಡಗಳ ಸಾಲು. ಅದರ ಮುಂದೆ ನಿಮ್ಮ ಮಗನ ಜಯಂಟ್ ವೀಲು, 112.5 ಮೀಟರ್ ಎತ್ತರ, ನಡುವೆ ಗಡಿಯಾರ. ಅದರಲ್ಲಿ ಕುಳಿತವರಿಗೆ ಅದೊಂದೇ ಕಾಣುವುದಿಲ್ಲ. ಇಲ್ಲಿಂದ ಅದೂ ಕಾಣುತ್ತದೆ. ಎಡಕ್ಕೆ 1989ರ ಬೇ ಬ್ರಿಜ್. ಸಮುದ್ರದ ಗಾಳಿ ಮಾತ್ರ ಕತ್ತಿಯಂತಿರುತ್ತದೆ. ಹಗಲು 15 ಡಿಗ್ರಿ ಇದ್ದರೂ ಕಿವಿ ಮುಚ್ಚುವ ಟೋಪಿ ಬಿಡಬೇಡಿ.

ಇಲ್ಲೊಂದು ಆಟವೂ ಇದೆ. ಪ್ರಿಫೆಕ್ಚರ್ (ನಮ್ಮ ರಾಜ್ಯದಂಥ ಆಡಳಿತ ವಿಭಾಗ) ಕಚೇರಿಯ ಗೋಪುರಕ್ಕೆ 'ರಾಜ', ಸುಂಕದ ಕಟ್ಟೆಯ ಗೋಪುರಕ್ಕೆ 'ರಾಣಿ', ಬಂದರು ಸ್ಮಾರಕ ಭವನದ ಗಡಿಯಾರ ಗೋಪುರಕ್ಕೆ 'ಜಾಕ್' ಎಂದು ನಾವಿಕರು ಇಸ್ಪೀಟಿನ ಹೆಸರಿಟ್ಟಿದ್ದರು. ಕ್ರಮವಾಗಿ 1928, 1934, 1917ರ ಕಟ್ಟಡಗಳು. ಮೂರೂ ಒಟ್ಟಿಗೆ ಕಾಣುವ ಮೂರು ಜಾಗಗಳಿವೆ, ಮೂರನ್ನೂ ಒಂದೇ ದಿನ ಮುಟ್ಟಿದರೆ ಬೇಡಿದ್ದು ಈಡೇರುತ್ತದೆ ಎನ್ನುತ್ತಾರೆ. ಒಂದು ಜಾಗ ಒಸಾನ್‌ಬಾಶಿಯ ಮೇಲೇ ಇದೆ, ನೆಲದಲ್ಲಿ ಗುರುತು ಹಾಕಿದ್ದಾರೆ. ಮೊಮ್ಮಗನಿಗೆ ಹುಡುಕಲು ಬಿಡಿ, ನಿಮಗೆ ಅರ್ಧ ಗಂಟೆ ವಿರಾಮ ಸಿಗುತ್ತದೆ.

ಎರಡನೆಯ ದಿನ ಬೆಳಗ್ಗೆ ಸಾಂಕೆಯೆನ್ ಉದ್ಯಾನ. ಸಕುರಾಗಿಚೊ ನಿಲ್ದಾಣದ ಎದುರಿನಿಂದ 8ನೇ ಸಂಖ್ಯೆಯ ಬಸ್ ಹತ್ತಿ 'ಸಾಂಕೆಯೆನ್ ಇರಿಗುಚಿ'ಯಲ್ಲಿ ಇಳಿದರೆ ಐದಾರು ನಿಮಿಷದ ನಡಿಗೆ. ಇದು ರೇಷ್ಮೆಯ ಕಥೆಯ ಇನ್ನೊಂದು ತುದಿ. ಹರಾ ತೊಮಿತಾರೊ ಎಂಬ ರೇಷ್ಮೆ ವರ್ತಕ, ಈಗ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ತೊಮಿಯೊಕಾ ನೂಲು ಬಿಚ್ಚಾಣಿಕೆ ಕಾರ್ಖಾನೆಯನ್ನು 1902ರಿಂದ ನಡೆಸಿದ ಮನೆತನದವನು, ತನ್ನ ತೋಟವನ್ನು 1906ರಲ್ಲಿ ಊರಿಗೆ ತೆರೆದುಬಿಟ್ಟ. ಬೇರೆ ಕಡೆ ಬಿದ್ದುಹೋಗಲಿದ್ದ ಹಳೆಯ ಮನೆ, ಗುಡಿಗಳನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿದ. ಕೊಳದಾಚೆ ಗುಡ್ಡದ ಮೇಲೆ ಕಾಣುವ ಮೂರಂತಸ್ತಿನ ಗೋಪುರ 1457ರದು, ಕ್ಯೋಟೋ ಸೀಮೆಯ ತೊಮ್ಯೋಜಿ ಎಂಬ ದೇವಾಲಯದಿಂದ 1914ರಲ್ಲಿ ಇಲ್ಲಿಗೆ ಬಂತು. ಅದರ ಬುಡಕ್ಕೆ ಹೋಗಲು ಮೆಟ್ಟಿಲು ಹತ್ತಬೇಕು. ನಿಮ್ಮ ಪತ್ನಿ ಕೊಳದ ದಂಡೆಯ ಬೆಂಚಿನಲ್ಲೇ ಕೂರಲಿ. ಗೋಪುರ ಚೆನ್ನಾಗಿ ಕಾಣುವುದು ಅಲ್ಲಿಂದಲೇ, ನೀರಿನಲ್ಲಿ ಅದರ ನೆರಳಿನ ಸಮೇತ. ಒಳತೋಟದ ಮೇಪಲ್ ಮರಗಳು ಕೆಂಪಾಗುವುದು ನೀವು ಬರುವ ವಾರದಿಂದ ಡಿಸೆಂಬರ್ ಮೊದಲ ವಾರದವರೆಗೆ. ತಿಂಗಳ ಆಯ್ಕೆಯಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ.

1916ರಲ್ಲಿ ರವೀಂದ್ರನಾಥ ಟಾಗೋರರು ಜಪಾನಿಗೆ ಬಂದಾಗ ಬಹುಕಾಲ ಉಳಿದದ್ದು ಹರಾ ಅವರ ಅತಿಥಿಯಾಗಿ, ಇದೇ ತೋಟದಲ್ಲಿ. ಆ ವರ್ಷ ಹೊರಬಂದ 'ಸ್ಟ್ರೇ ಬರ್ಡ್ಸ್' ಕಿರುಗವಿತೆಗಳ ಸಂಕಲನವನ್ನು ಅವರು ಅರ್ಪಿಸಿದ್ದು ಯೊಕೊಹಾಮಾದ ಹರಾ ಅವರಿಗೆ. ಇಲ್ಲಿ ಟಾಗೋರರಿಗೆ ಮೆಚ್ಚುಗೆಯಾದ ಚಿತ್ರವೊಂದರ ಪ್ರತಿ ಮಾಡಿಕೊಟ್ಟ ಅರಾಯ್ ಕಾಂಪೊ ಎಂಬ ಕಲಾವಿದ ಅವರ ಕರೆಯ ಮೇಲೆ ಭಾರತಕ್ಕೆ ಬಂದು ಅಜಂತಾದ ಭಿತ್ತಿಚಿತ್ರಗಳನ್ನು ನಕಲು ಮಾಡಿದ. ವಿವೇಕಾನಂದರ ಹಿಂದೆ ಹೊರಟವರಿಗೆ ಟಾಗೋರರು ಸಿಗುವುದು ಯೊಕೊಹಾಮಾದ ಉಪಕಾರ.

ಮಧ್ಯಾಹ್ನ ಯಮಾಶಿತಾ ಪಾರ್ಕ್. ಸಮತಟ್ಟು ನೆಲ, ನೂರಾರು ಬೆಂಚು. ಭೂಕಂಪದಲ್ಲಿ ಉರುಳಿದ ಕಟ್ಟಡಗಳ ಇಟ್ಟಿಗೆ, ಕಲ್ಲುಗಳನ್ನು ಸಮುದ್ರಕ್ಕೆ ಸುರಿದು, ಮೇಲೆ ಮಣ್ಣು ಹಾಕಿ 1930ರಲ್ಲಿ ತೆರೆದ ಉದ್ಯಾನ. ಪಶ್ಚಿಮದ ತುದಿಯಲ್ಲಿ ಗುಮ್ಮಟವಿರುವ ಒಂದು ಪುಟ್ಟ ಮಂಟಪ ಕಾಣುತ್ತದೆ. ಅದರ ಹೆಸರು 'ಇಂದೊ ಸುಯಿತೊ', ಭಾರತೀಯರ ನೀರಿನ ಗೋಪುರ. ಪಕ್ಕದಲ್ಲೇ ಪ್ರೇಮಿಗಳು ಕೂತಿರುತ್ತಾರೆ, ಅದೇನೆಂದು ಅವರಿಗೆ ಗೊತ್ತಿರುವುದಿಲ್ಲ. ಭೂಕಂಪಕ್ಕೆ ಮುನ್ನ ಇಲ್ಲಿ ಭಾರತೀಯ ರೇಷ್ಮೆ ವರ್ತಕರ ಸಮುದಾಯವಿತ್ತು. ಕೆಲವರು ಭೂಕಂಪದಲ್ಲಿ ಸತ್ತರು, ಉಳಿದವರಲ್ಲಿ ಬಹಳ ಜನ ಕೋಬೆಗೆ ಹೊರಟುಹೋದರು. ವ್ಯಾಪಾರ ಕೈತಪ್ಪುತ್ತದೆಂದು ಊರವರು ಅವರಿಗೆ ಮನೆ, ಅಂಗಡಿಗಳ ವ್ಯವಸ್ಥೆ ಮಾಡಿ ಮರಳಿ ಕರೆದರು. ಆ ಉಪಕಾರದ ನೆನಪಿಗೂ ಸತ್ತವರ ನೆನಪಿಗೂ ವರ್ತಕರು 1937ರಲ್ಲಿ ಕಟ್ಟಿಸಿದ ಕುಡಿಯುವ ನೀರಿನ ಮಂಟಪ ಇದು. ನಮ್ಮೂರ ಭಾಷೆಯಲ್ಲಿ ಹೇಳಬೇಕೆಂದರೆ ಅರವಟ್ಟಿಗೆ. ಹೊರಗಿನಿಂದ ನೋಡಿ ಮುಂದೆ ಹೋಗಬೇಡಿ. ಕಂಬಗಳ ನಡುವೆ ನಿಂತು ಕತ್ತೆತ್ತಿ. ಗುಮ್ಮಟದ ಒಳಮೈಗೆ ಬಣ್ಣದ ಚೂರುಗಳನ್ನು ಬಳ್ಳಿಯಂತೆ ಕೂರಿಸಿದ್ದಾರೆ. ಹೊರಗೆ ಮಸುಕಾಗಿ ನಿಂತ ಕಲ್ಲಿನೊಳಗೆ ಅಷ್ಟು ಬಣ್ಣ ಬಚ್ಚಿಟ್ಟುಕೊಂಡಿರುವುದನ್ನು ನಾನು ನಾಲ್ಕು ವರ್ಷ ಪಕ್ಕದಲ್ಲೇ ಓಡಾಡಿದ ಮೇಲೆ, ಮಳೆಗೆ ಒಳಗೆ ನಿಂತ ದಿನ ಕಂಡೆ.

ಅದೇ ದಂಡೆಗೆ ಕಟ್ಟಿ ನಿಲ್ಲಿಸಿರುವ ಹಿಕಾವಾ ಮಾರು 1930ರ ಪ್ರಯಾಣಿಕ ಹಡಗು. ಸಿಯಾಟಲ್‌ಗೆ ಓಡುತ್ತಿತ್ತು, ಯುದ್ಧದಲ್ಲಿ ಆಸ್ಪತ್ರೆ ಹಡಗಾಗಿ ಬದುಕುಳಿಯಿತು, ಚಾರ್ಲಿ ಚಾಪ್ಲಿನ್ ಇದರಲ್ಲಿ ಪ್ರಯಾಣಿಸಿದ್ದ. ಕಚ್ಚಾ ರೇಷ್ಮೆ ಒಯ್ಯಲು ಇದರಲ್ಲಿ ಬೇರೆಯೇ ಕೋಣೆ ಇತ್ತು ಎಂಬುದನ್ನು ನಿಮ್ಮ ಪತ್ನಿಗೆ ಹೇಳಿ. ಒಳಗಿನ ಏಣಿಮೆಟ್ಟಿಲುಗಳು ಕಡಿದಾಗಿವೆ. ನೀವು ಮೊಮ್ಮಗನ ಜೊತೆ ಹೋಗಿ ಬನ್ನಿ, ಟಿಕೆಟ್ ಕೆಲವೇ ನೂರು ಯೆನ್. ಶಕ್ತಿ ಉಳಿದಿದ್ದರೆ ಯಮಾತೆ ಗುಡ್ಡ ನೋಡಬಹುದು. ಹಳೆಯ ವಿದೇಶಿಯರ ಮನೆಗಳು, ಪೆರಿಯ ಪಡೆಯ ನಾವಿಕನೊಬ್ಬನಿಂದ ಶುರುವಾದ ಸ್ಮಶಾನ ಅಲ್ಲಿವೆ. ಮನೆಗಳಿಗೆ ಪ್ರವೇಶ ಉಚಿತ. ಗುಡ್ಡವನ್ನು ನಡೆದು ಹತ್ತುವ ಹುಚ್ಚು ಬೇಡ. ಮೊತೊಮಾಚಿ-ಚುಕಗೈ ನಿಲ್ದಾಣದ 6ನೇ ದ್ವಾರದಿಂದ ಲಿಫ್ಟ್ ಹಿಡಿದರೆ ನಿಲ್ದಾಣದ ನೆತ್ತಿಯ ಮೇಲಿನ ಅಮೆರಿಕಾಯಾಮಾ ಉದ್ಯಾನಕ್ಕೆ, ಅಂದರೆ ಗುಡ್ಡದ ಮೇಲಕ್ಕೇ, ಬಿಡುತ್ತದೆ.

ಇನ್ನು ಊಟ. ಇಲ್ಲಿ ಸಿಹಿಸುದ್ದಿ ಕಡಿಮೆ. ಜಪಾನಿನಲ್ಲಿ ಕಣ್ಣಿಗೆ ಕಾಣುವ ಮಾಂಸಕ್ಕಿಂತ ಕಾಣದ ಮೀನೇ ಸಸ್ಯಾಹಾರಿಗೆ ತೊಡಕು. 'ದಾಶಿ' ಎಂಬ ಸಾರಿನ ಬುಡವನ್ನು ಸಾಮಾನ್ಯವಾಗಿ ಒಣಗಿಸಿದ ಕತ್ಸುವೊ ಮೀನಿನ ಎಸಳಿನಿಂದ ಮಾಡುತ್ತಾರೆ. ಬರೀ ತರಕಾರಿ ಬೇಯಿಸಿದ್ದೂ, ನೂಡಲ್ಸಿನ ತಿಳಿನೀರೂ, ಮಿಸೊ ಎಂಬ ಸೋಯಾ ಸಾರೂ ಅದರಲ್ಲೇ. 'ನಿಕು ಮೊ ಸಕಾನ ಮೊ ತಾಬೆಮಾಸೆನ್' ಎಂದರೆ ಮಾಂಸ, ಮೀನು ತಿನ್ನುವುದಿಲ್ಲ ಎಂದರ್ಥ. ಅಷ್ಟಕ್ಕೆ ನಿಲ್ಲಿಸದೆ 'ದಾಶಿ ಮೊ ದಾಮೆ ದೆಸು' ಎಂದು ಸೇರಿಸಿ. ಮಗನ ಕೈಲಿ ಇದನ್ನೇ ಜಪಾನೀ ಲಿಪಿಯಲ್ಲಿ ಒಂದು ಚೀಟಿಗೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಚೈನಾಟೌನ್, ಜಪಾನಿನಲ್ಲೇ ದೊಡ್ಡದು, ನೋಡಲು ಸೊಗಸು. ಯುದ್ಧವೀರ ಗುವಾನ್ ಯೂನನ್ನು ಪೂಜಿಸುವ ಕಾನ್‌ತೇಬ್ಯೊ ಗುಡಿಯ ಚಿನ್ನದ ಬಣ್ಣ, ಕೆತ್ತನೆ, ಅಗರಬತ್ತಿಯ ಹೊಗೆಗೆ ನಮ್ಮವರಿಗೆ ಮನೆಗೆ ಬಂದಂತಾಗುತ್ತದೆ. ತಿನ್ನುವಾಗ ಎಚ್ಚರ. ಎಳ್ಳು ಮೆತ್ತಿ ಕರಿದ ಸಿಹಿಯುಂಡೆ ನಮ್ಮ ಸಜ್ಜಪ್ಪದ ತಮ್ಮನಂತೆ ಕಂಡದ್ದರಿಂದ, ಒಂದು ಚಳಿಗಾಲವೆಲ್ಲ ನಾನು ವಾರಕ್ಕೆರಡು ತಿಂದೆ. ಹೂರಣಕ್ಕೆ ಹಂದಿಯ ಕೊಬ್ಬು ಹಾಕುವುದುಂಟೆಂದು ಅಂಗಡಿಯಾಕೆ ನಗುತ್ತ ಹೇಳಿದ್ದು ವಸಂತದಲ್ಲಿ. ಯೊಕೊಹಾಮಾದಲ್ಲಿ ಭಾರತೀಯ ಹೋಟೆಲುಗಳಿಗೆ ಬರವಿಲ್ಲ. ಒಂದು ಹೊತ್ತು ಅಲ್ಲಿ, ಇನ್ನೊಂದು ಹೊತ್ತು ಸೊಸೆ ಕಟ್ಟಿಕೊಟ್ಟ ಚಿತ್ರಾನ್ನ ಯಮಾಶಿತಾ ಪಾರ್ಕಿನ ಬೆಂಚಿನಲ್ಲಿ. ಹದ್ದುಗಳು ಮೇಲಿನಿಂದ ಎರಗಿ ಕೈಯ ತಿಂಡಿ ಕಸಿಯುವುದುಂಟು, ಬೆನ್ನ ಹಿಂದೆ ಮರವಿರುವ ಬೆಂಚು ಹುಡುಕಿ.

ಮೊಮ್ಮಗ ಈ ಇತಿಹಾಸವನ್ನೆಲ್ಲ ಎಷ್ಟು ಹೊತ್ತು ಸಹಿಸಿಯಾನು? ಮೊದಲ ದಿನ ಮಧ್ಯಾಹ್ನದ ಎರಡು ಗಂಟೆ ಅವನನ್ನು ಅಪ್ಪನ ಜೊತೆ ಮಿನಾತೊ ಮಿರೈ ಕಡೆಗೆ ಕಳುಹಿಸಿಬಿಡಿ. ಸಕುರಾಗಿಚೊ ನಿಲ್ದಾಣದ ಬಳಿಯಿಂದ ನೀರಿನ ಮೇಲೆ ತೇಲಿಹೋಗುವ ಏರ್ ಕ್ಯಾಬಿನ್, ಬಣ್ಣ ಬಳಿದು ತನ್ನದೇ ನೂಡಲ್ಸ್ ಲೋಟ ಮಾಡಿಕೊಳ್ಳುವ ಕಪ್ ನೂಡಲ್ಸ್ ಮ್ಯೂಸಿಯಂ, ಆಮೇಲೆ ಜಯಂಟ್ ವೀಲು. ನೂಡಲ್ಸ್ ಲೋಟದ ಒಳಗಿರುವುದು ಸಸ್ಯಾಹಾರವಲ್ಲ, ಲೋಟ ಮಾತ್ರ ಮನೆಗೆ ಬರಲಿ. ಸಕುರಾಗಿಚೊದಲ್ಲೇ ಇನ್ನೊಂದು ಇದೆ. 1872ರಲ್ಲಿ ಜಪಾನಿನ ಮೊದಲ ರೈಲು ಟೋಕಿಯೋದಿಂದ ಬಂದು ನಿಂತದ್ದು ಅಲ್ಲಿ. ಆ ಕಾಲದ 110ನೇ ಸಂಖ್ಯೆಯ ಉಗಿಬಂಡಿಯನ್ನು ನಿಲ್ದಾಣದ ಪಕ್ಕದ ಕಟ್ಟಡದ ನೆಲಮಹಡಿಯಲ್ಲಿ ಇಟ್ಟಿದ್ದಾರೆ, ನೋಡಲು ದುಡ್ಡಿಲ್ಲ. ಕೆಂಪು ಇಟ್ಟಿಗೆಯ ಗೋದಾಮುಗಳಿಗೂ ಅವರು ಹೋಗಲಿ. ಕಟ್ಟಡಗಳು 1911 ಮತ್ತು 1913ರವು, ಹೊರಗಿನಿಂದ ಅಂದ. ಒಳಗೆ ಈಗ ಬರೀ ಅಂಗಡಿ.

ಕಾಮಾಕುರಾದ ವಿಚಾರ. ಬುದ್ಧನನ್ನು ಖಂಡಿತ ನೋಡಿ, ಆದರೆ ಯೊಕೊಹಾಮಾದ ಎರಡು ದಿನಗಳಿಂದ ಕಡಿದು ಅಲ್ಲ. ಯೊಕೊಹಾಮಾದಿಂದ ಅರ್ಧ ಗಂಟೆಯ ರೈಲು ಎಂಬುದೇನೋ ನಿಜ. ಆದರೆ ಅಲ್ಲಿ ಇಳಿದ ಮೇಲೆ ನಡಿಗೆ, ಮೆಟ್ಟಿಲು, ಜನಜಂಗುಳಿ ಎಲ್ಲ ಇವೆ. ಮೂರನೆಯ ದಿನ ಬಿಡುವು ಮಾಡಿಕೊಳ್ಳಿ. ಮಗನಿಗೆ ಇನ್ನೊಂದು ಮಾತು ಹೇಳಬಹುದು: ಅಪ್ಪಟ ಟೋಕಿಯೋದವನೆನಿಸಲು ಮೂರು ತಲೆಮಾರು ಬೇಕು, ಯೊಕೊಹಾಮಾದವನಾಗಲು ಮೂರು ದಿನ ಸಾಕು ಎಂಬ ಗಾದೆ ಅಲ್ಲಿದೆ. ಎಲ್ಲರೂ ಹೊರಗಿನವರೇ ಆದ ಊರಿನಲ್ಲಿ ನಿಮಗೆ ಹೆಚ್ಚು ಮುಜುಗರವಾಗದು.

ಸೋಮವಾರ ಬರಬೇಡಿ. ರೇಷ್ಮೆ ಸಂಗ್ರಹಾಲಯ, ದಾಖಲೆಗಳ ಸಂಗ್ರಹಾಲಯ, ಹಿಕಾವಾ ಮಾರು ಮೂರಕ್ಕೂ ಅಂದು ಸಾಮಾನ್ಯವಾಗಿ ರಜೆ. ಮಂಗಳವಾರ, ಬುಧವಾರ ಇಟ್ಟುಕೊಂಡರೆ ಜನವೂ ಕಡಿಮೆ. ಸೋಮವಾರ ರಾಷ್ಟ್ರೀಯ ರಜೆ ಬಿದ್ದರೆ ಮಾತ್ರ ಬಾಗಿಲು ಮುಚ್ಚುವ ದಿನ ಮಂಗಳವಾರಕ್ಕೆ ಜಾರುವುದುಂಟು. ನವೆಂಬರ್ 23 ಅಲ್ಲಿ ಅಂಥ ಒಂದು ರಜೆ, ಟಿಕೆಟ್ ಮಾಡಿಸುವ ಮುನ್ನ ಮಗನಿಗೆ ಕ್ಯಾಲೆಂಡರ್ ನೋಡಲು ಹೇಳಿ.